ರೇಡರ್ ಬೇಕಾಗಿದ್ದಾನೆ

ಮಗಳಿಗೆ ವರ ಹುಡುಕುವ ತಂದೆಗೂ, ಸೋತು ಕುಳಿತ ಕಬಡ್ಡಿ ತಂಡಕ್ಕೆ ರೇಡರನನ್ನು ಹುಡುಕುವ ನಾಯಕನಿಗೂ ಹೆಚ್ಚಿನ ಅಂತರವಿಲ್ಲವೆಂದು ನನಗೆ ಈಚೆಗೆ ತೋರತೊಡಗಿದೆ. ಇಬ್ಬರಿಗೂ ಊರೆಲ್ಲ ಸಲಹೆಗಾರರು. ಇಬ್ಬರ ಕಣ್ಣಿಗೂ ದೂರದ ಊರಿನ ಗಂಡೇ ಚೆಲುವ. ನೆರೆಮನೆಯ ಹುಡುಗ ಎಷ್ಟೇ ಗುಣವಂತನಾಗಿರಲಿ, “ಅವನೇ? ನಮ್ಮ ಕಣ್ಣೆದುರಿಗೆ ಮೂಗು ಸುರಿಸಿಕೊಂಡು ಓಡಾಡಿದವನಲ್ಲವೆ!” ಎಂಬ ಒಂದೇ ಮಾತಿನಿಂದ ಬದಿಗೆ ಸರಿದುಹೋಗುತ್ತಾನೆ. ಕಡೆಗೆ ಇಬ್ಬರೂ ಕೈಯಲ್ಲಿದ್ದುದನ್ನೆಲ್ಲ ಒಂದೇ ದಿನ ಸುರಿದು, ಮರುದಿನ ಬೆಳಗ್ಗೆ ಚಹಾಪುಡಿಗೆ ಪರದಾಡುತ್ತಾರೆ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ವೇದಾಂತದಿಂದಲ್ಲ, ಗರಜಿನಿಂದ. ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ನಾನು ಎಡ ಮೂಲೆಯವನು. ಎಂದರೆ ಎದುರಾಳಿ ರೇಡರನ ಕಣಕಾಲನ್ನು ಹಿಡಿಯುವುದು ನನ್ನ ಕಸುಬು. ಮೂರು ವರ್ಷ ನಮ್ಮ ತಂಡವನ್ನು ಹೆಗಲ ಮೇಲೆ ಹೊತ್ತಿದ್ದ ರೇಡರ್ ಹೋದ ವರ್ಷ ಬಿ.ಎ. ಮುಗಿಸಿ, ಪುಣೆಯಲ್ಲಿ ಕೆಲಸ ಹಿಡಿದು ಹೊರಟುಹೋದ. ಅವನು ತೇರ್ಗಡೆಯಾದುದನ್ನು ಕೇಳಿ ಅಧ್ಯಾಪಕರು ಆಶ್ಚರ್ಯಪಟ್ಟರು, ನಾವು ದುಃಖಪಟ್ಟೆವು. ಈ ವರ್ಷ ಅಂತರ ಕಾಲೇಜು ಕೂಟದಲ್ಲಿ ನಾವು ಆಡಿದ ಪಂದ್ಯಗಳು ಎರಡು, ಸೋತ ಪಂದ್ಯಗಳು ಎರಡು. ಈ ಲೆಕ್ಕ ಅರ್ಥಶಾಸ್ತ್ರ ಓದದವರಿಗೂ ತಿಳಿಯುತ್ತದೆ.

ಹೀಗಿರಲಾಗಿ ನಮ್ಮ ಮಿತ್ರರು ಒಂದು ಸೂಚನೆಯನ್ನು ತಂದಿದ್ದಾರೆ. ಗಡಿಯಾಚೆಯ ಪಟ್ಟಣವೊಂದರಲ್ಲಿ ಜಾತ್ರೆಯ ಪಂದ್ಯಗಳಲ್ಲಿ ಹೆಸರು ಮಾಡಿದ ರೇಡರನೊಬ್ಬನಿದ್ದಾನೆ. ಮುಂದಿನ ವರ್ಷಕ್ಕೆ ಅವನಿಗೆ ನಮ್ಮಲ್ಲಿ ಬಿ.ಎ. ಮೊದಲ ತರಗತಿಗೆ ಪ್ರವೇಶ ಕೊಡಿಸುವುದು. ಶುಲ್ಕ, ಕೋಣೆಯ ಬಾಡಿಗೆ, ಖಾನಾವಳಿಯ ಖರ್ಚು ಇವನ್ನೆಲ್ಲ ತಂಡದವರೂ ಹಳೆಯ ವಿದ್ಯಾರ್ಥಿಗಳೂ ಹೊರುವುದು. ಇದಕ್ಕೆಂದು ಈಗಾಗಲೇ 18,000 ರೂಪಾಯಿ ಕೂಡಿದೆ. ಅವನು ತರಗತಿಗೆ ಬರುವನೇ ಎಂದು ನಾನು ಕೇಳಿದುದಕ್ಕೆ, “ಅದು ಹಾಜರಿ ಪುಸ್ತಕದ ಪ್ರಶ್ನೆ, ಕಬಡ್ಡಿಯ ಪ್ರಶ್ನೆಯಲ್ಲ” ಎಂಬ ಉತ್ತರ ಬಂತು. ನನಗೆ ಈ ಸೂಚನೆ ಒಪ್ಪಿಗೆಯಾಗಿಲ್ಲ. ಏಕೆ ಆಗಿಲ್ಲವೆಂಬುದನ್ನು ಸಭೆಯಲ್ಲಿ ಗದ್ದಲದ ನಡುವೆ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಸಮಾಧಾನವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ದಾಳಿಗಾರ ಎಂಬ ಕನ್ನಡ ಪದವಿದ್ದರೂ ನಾನು ರೇಡರ್ ಎಂದೇ ಬರೆಯುತ್ತಿರುವುದನ್ನು ನಮ್ಮ ಕನ್ನಡಾಭಿಮಾನಿ ಸಂಪಾದಕರು ಕ್ಷಮಿಸಬೇಕು. ನನ್ನ ಊರು ಗೋರ್ಟಾ (ಬಿ). 1948ರ ಮೇ ತಿಂಗಳಲ್ಲಿ ರಜಾಕಾರರು ನಮ್ಮೂರ ಮೇಲೆ ಬಿದ್ದು 200ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ನಮ್ಮ ಮನೆಯಲ್ಲಿ ದಾಳಿ ಎಂಬ ಮಾತಿಗೆ ಅದೊಂದೇ ಅರ್ಥ. ಆಟದ ಮಾತಿಗೆ ಆ ಪದವನ್ನು ಬಳಸಿದರೆ ಅಜ್ಜಿ ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ಆದುದರಿಂದ ನಾವು ಮಕ್ಕಳು ಇಂಗ್ಲಿಷ್ ಪದವನ್ನೇ ರೂಢಿ ಮಾಡಿಕೊಂಡೆವು. ಅದರ ಅರ್ಥವೂ ಅದೇ ಎಂದು ಅಜ್ಜಿಗೆ ಯಾರೂ ಹೇಳಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ರೇಡರ್ ಒಬ್ಬ ಸಿಕ್ಕರೆ ತಂಡ ಗೆದ್ದಂತೆಯೇ ಎಂಬ ನಂಬಿಕೆ ಎಲ್ಲಿಂದ ಬಂತು? ನೋಡುವವರ ಕಣ್ಣಿನಿಂದ ಬಂತು. ಮೂವತ್ತು ಸೆಕೆಂಡು ಕಾಲ ಅಂಕಣದಲ್ಲಿ ಎಲ್ಲರೂ ನೋಡುವುದು ಅವನೊಬ್ಬನನ್ನೇ. ಏಳು ಜನರ ನಡುವೆ ಒಬ್ಬನೇ ಹೋಗಿ, ಉಸಿರು ಬಿಡದೆ ಮುಟ್ಟಿ ಬರುವುದು ಯಾವ ಕಾಲಕ್ಕೂ ಯಾವ ಊರಿಗೂ ವೀರಕಾರ್ಯವಾಗಿಯೇ ಕಾಣುತ್ತದೆ. ಆದರೆ ಅವನು ಸಿಕ್ಕಿಬಿದ್ದ ಮೇಲೆ ಏನಾಗುತ್ತದೆಂಬುದನ್ನು ನೋಡುವವರು ಕಡಮೆ. ಅವನು ಹೊರಗೆ ಹೋಗಿ ಕುಳಿತುಕೊಳ್ಳುತ್ತಾನೆ. ಅವನ ತಂಡದವರು ಎದುರಾಳಿಯನ್ನು ಔಟು ಮಾಡಿದಾಗಲೇ ಅವನು ಏಳಬೇಕು. ಅದೂ ಔಟಾದ ಸರದಿಯಂತೆ. ಅವನಿಗಿಂತ ಮೊದಲು ಇಬ್ಬರು ಹೊರಗೆ ಹೋಗಿದ್ದರೆ ಅವನ ಪಾಳಿ ಮೂರನೆಯದು. ನಲವತ್ತು ನಿಮಿಷದ ಆಟದಲ್ಲಿ ಹತ್ತು ಹದಿನೈದು ನಿಮಿಷ ಹೀಗೆ ಹೊರಗೆ ಕುಳಿತು ಕಳೆದ ಮಹಾ ರೇಡರುಗಳನ್ನು ನಾವೆಲ್ಲ ನೋಡಿದ್ದೇವೆ. ಕೋಟಿ ಬೆಲೆಯ ಗಡಿಯಾರವನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟ ಹಾಗೆ.

ಆದುದರಿಂದ ರೇಡರನನ್ನು ಹುಡುಕುವ ಮುನ್ನ, ಕುಳಿತ ರೇಡರನನ್ನು ಎಬ್ಬಿಸುವವರನ್ನು ಹುಡುಕಬೇಕು ಎಂಬುದು ನನ್ನ ವಾದ. ಎಬ್ಬಿಸುವವರೆಂದರೆ ಎರಡನೆಯ ರೇಡರ್, ಮತ್ತು ಮೂಲೆಗಳಲ್ಲಿ ನಿಂತ ಹಿಡಿತಗಾರರು. ಎಡ ಮೂಲೆಯವನು ಎಡ ಮೂಲೆಯ ಪರವಾಗಿ ವಾದಿಸುತ್ತಿದ್ದಾನೆಂದು ಓದುಗರು ನಕ್ಕರೆ ನನ್ನ ಅಭ್ಯಂತರವಿಲ್ಲ. ನಗುತ್ತಲೇ ಮುಂದಿನ ಕಥೆಯನ್ನು ಓದಲಿ. ಅದು ನನ್ನದಲ್ಲ, ಬೆಂಗಳೂರಿನದು.

ಪ್ರೊ ಕಬಡ್ಡಿ ಪಂದ್ಯಾವಳಿ ಆರಂಭವಾದುದು 2014ರಲ್ಲಿ. ಅಂದಿನಿಂದಲೂ ಬೆಂಗಳೂರು ಬುಲ್ಸ್ ನಮ್ಮ ರಾಜ್ಯದ ತಂಡ. ರೇಡರುಗಳ ವಿಷಯದಲ್ಲಿ ಅದರಷ್ಟು ಅದೃಷ್ಟವಂತ ತಂಡವೂ ಇಲ್ಲ, ಅದರಷ್ಟು ದುರದೃಷ್ಟದ್ದೂ ಇಲ್ಲ. 2015ರಲ್ಲಿ ಆ ತಂಡ ಅಂತಿಮ ಪಂದ್ಯವನ್ನು ಮುಟ್ಟಿ ಯು ಮುಂಬಾ ತಂಡಕ್ಕೆ ಸೋತಿತು. ಆ ವರ್ಷ ಅದರ ಹೊರಬೆಂಚಿನಲ್ಲಿ ಹರಿಯಾಣದ ಎಳೆಯ ಹುಡುಗನೊಬ್ಬ ಹೆಚ್ಚುಕಡಮೆ ಕುಳಿತೇ ಇದ್ದ. ಆಡಿದ್ದು ಕೆಲವೇ ಪಂದ್ಯಗಳು. ಮರುವರ್ಷ ಅವನು ಪಾಟ್ನಾಕ್ಕೆ ಹೋದ. ಅವನೇ ಪರ್ದೀಪ್ ನರ್ವಾಲ್. ಹಿಡಿತಗಾರರು ಕೈಕೈ ಹಿಡಿದು ಕಟ್ಟಿದ ಸರಪಳಿಯ ಕೆಳಗೆ ಮುಳುಗಿ ಆಚೆ ಏಳುವ ಅವನ ಡುಬ್ಕಿಯನ್ನು ನೋಡದ ಹುಡುಗ ನಮ್ಮ ತಾಲ್ಲೂಕಿನಲ್ಲಿ ಇರಲಾರ. ಪಾಟ್ನಾ ಪೈರೇಟ್ಸ್ ಸತತವಾಗಿ ಮೂರು ಸಲ ಗೆದ್ದಿತು; 2017ರ ಒಂದೇ ಸಾಲಿನಲ್ಲಿ ಅವನು ಗಳಿಸಿದ ರೇಡ್ ಅಂಕಗಳು 369. ಬೆಂಗಳೂರಿನ ಬೆಂಚಿಗೆ ಅವನ ಮೈಯ ಬಿಸಿ ಇನ್ನೂ ಆರಿರಲಿಲ್ಲ.

ಒಮ್ಮೆ ಆದದ್ದು ಎರಡನೆಯ ಸಲವೂ ಆಯಿತು. ಪವನ್ ಸೆಹ್ರಾವತ್ 2016ರಲ್ಲಿ ಬುಲ್ಸ್ ಪರವಾಗಿಯೇ ಆಟ ಆರಂಭಿಸಿದವನು. ಅವನೂ ಹೊರಟುಹೋಗಿ, ಗುಜರಾತಿನಲ್ಲಿ ಹೆಸರಾಗದೆ, 2018ರ ಹರಾಜಿನಲ್ಲಿ 52.8 ಲಕ್ಷ ರೂಪಾಯಿಗೆ ತವರಿಗೆ ಮರಳಿದ. ಆ ಸಾಲಿನಲ್ಲಿ ರೇಡ್ ಅಂಕಗಳಲ್ಲಿ ಅವನೇ ಮೊದಲಿಗ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿತು. ಆ 38ರಲ್ಲಿ 22 ಅವನೊಬ್ಬನದು. ಅಂದು ನಮ್ಮೂರಿನಲ್ಲಿ ದೂರದರ್ಶನವಿದ್ದ ಮನೆಯ ಜಗಲಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಆಗ ಶಾಲೆಯ ಹುಡುಗ. ಆಟ ಮುಗಿದ ಮೇಲೆ ರಾತ್ರಿಯಲ್ಲೇ ಬೀದಿಯಲ್ಲಿ ಗೆರೆ ಕೊರೆದು ನಾವು ಆಡಿದೆವು. ಎಲ್ಲರೂ ಪವನನೇ ಆಗಬೇಕು. ಹಿಡಿಯುವವರು ಯಾರೂ ಇಲ್ಲ. ಹೀಗೆ ಯಾರೂ ಒಪ್ಪದ ಕೆಲಸ ನನ್ನ ಪಾಲಿಗೆ ಬಂದು ನಾನು ಮೂಲೆಯವನಾದೆ. ಅದು ಬೇರೆ ಕಥೆ.

ಮುಂದೆ ನೋಡಿ. 2022ರ ಹರಾಜಿಗೆ ಮುನ್ನ ಬುಲ್ಸ್ ಪವನನನ್ನು ಬಿಟ್ಟುಕೊಟ್ಟಿತು. ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ಕೊಟ್ಟು ಅವನನ್ನು ಕೊಂಡಿತು. ಒಂದು ತಂಡಕ್ಕೆ ಆಗ ಖರ್ಚು ಮಾಡಲು ಇದ್ದ ಮಿತಿ 4.4 ಕೋಟಿ, ಅದರಲ್ಲಿ ಅರ್ಧಕ್ಕೂ ಮಿಕ್ಕದ್ದು ಒಬ್ಬನ ಪಾಲಾಯಿತು. ಬುಲ್ಸ್ ತಾನೂ ಸುಮ್ಮನಿರದೆ ವಿಕಾಸ್ ಕಂಡೋಲ ಎಂಬ ಹೆಸರಾಂತ ರೇಡರನಿಗೆ 1.7 ಕೋಟಿ ಕೊಟ್ಟಿತು. ಆಮೇಲೆ ನಡೆದದ್ದನ್ನು ಯಾವ ನಾಟಕಕಾರನಾದರೂ ಬರೆದಿದ್ದರೆ ಅಸಂಭವವೆಂದು ವಿಮರ್ಶಕರು ಬೈಯುತ್ತಿದ್ದರು. ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲು ನೋಯಿಸಿಕೊಂಡು ಆ ಸಾಲನ್ನೇ ಕಳೆದುಕೊಂಡ. ತಲೈವಾಸಿನವರಿಗೆ ಬೇರೆ ದಾರಿಯಿಲ್ಲದೆ ನರೇಂದರ್ ಎಂಬ ಹೊಸ ಹುಡುಗನನ್ನು ಮುಂದೆ ಕಳಿಸಿದರು. ಅವನು ಮೊದಲ ಸಾಲಿನಲ್ಲೇ 240ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿ, ಅದುವರೆಗೆ ಉಪಾಂತ್ಯವನ್ನು ಕಾಣದಿದ್ದ ತಂಡವನ್ನು ಅಲ್ಲಿಗೆ ಮುಟ್ಟಿಸಿದ. ಇತ್ತ ಬೆಂಗಳೂರಿನಲ್ಲಿ ತಂಡವನ್ನು ಎಳೆದವನು 1.7 ಕೋಟಿಯ ರೇಡರನಲ್ಲ. ಹಿಂದಿನ ಸಾಲಿನಲ್ಲಿ ಹೊಸ ಹುಡುಗನಾಗಿ ಸೇರಿದ್ದ ಭರತ್. ಆ ವರ್ಷದ ರೇಡ್ ಅಂಕಗಳ ಪಟ್ಟಿಯಲ್ಲಿ ಅವನ ಸ್ಥಾನ ಎರಡನೆಯದು. ಬುಲ್ಸ್ ಉಪಾಂತ್ಯವನ್ನು ಮುಟ್ಟಿತು. ಅಲ್ಲಿ ಜೈಪುರ 49–29ರಿಂದ ಹೊಡೆದು ಕಳಿಸಿತೆಂಬುದನ್ನೂ ಹೇಳಿಬಿಡುತ್ತೇನೆ, ಸತ್ಯವನ್ನು ಮುಚ್ಚಿಡಬಾರದು.

ಮರುಸಾಲಿನಲ್ಲಿ ಪವನನ ಬೆಲೆ ಇನ್ನೂ ಏರಿತು: ತೆಲುಗು ಟೈಟಾನ್ಸ್ ಕೊಟ್ಟದ್ದು 2.605 ಕೋಟಿ. ಆ ತಂಡ 22 ಪಂದ್ಯಗಳಲ್ಲಿ 2 ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು. ಪವನನ ಆಟದಲ್ಲಿ ಕುಂದೇನಿರಲಿಲ್ಲ. ಅವನು ಹೊರಗೆ ಕುಳಿತಾಗ ಎಬ್ಬಿಸುವವರಿರಲಿಲ್ಲ.

ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಬೆಂಗಳೂರು 2024ರಲ್ಲಿ ಏನು ಮಾಡಿತು? ಒಂಬತ್ತು ವರ್ಷದ ಹಿಂದೆ ಬೆಂಚಿನ ಮೇಲೆ ಕೂರಿಸಿ ಕಳುಹಿದ್ದ ಪರ್ದೀಪನನ್ನು 70 ಲಕ್ಷ ಕೊಟ್ಟು ಕರೆತಂದು ನಾಯಕನನ್ನಾಗಿ ಮಾಡಿತು. ಹೆಸರು ಅದೇ, ಡುಬ್ಕಿಯೂ ಅದೇ. ಆದರೆ ಕಾಲುಗಳಿಗೆ ಒಂಬತ್ತು ವರ್ಷ ಹೆಚ್ಚಾಗಿತ್ತು. ಈ ಸಲ 22ರಲ್ಲಿ 2 ಗೆದ್ದು ಕೊನೆಯಲ್ಲಿ ನಿಂತದ್ದು ನಮ್ಮ ತಂಡವೇ. ಅಳಿಯನನ್ನು ಹುಡುಕುವ ತಂದೆ ವರನ ಹಳೆಯ ಭಾವಚಿತ್ರವನ್ನು ನೋಡಿ ನಿಶ್ಚಯ ಮಾಡಿದ ಹಾಗಾಯಿತು.

ಆಮೇಲೆ ಬಂದವರು ಬಿ. ಸಿ. ರಮೇಶ್. ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. ಬಂಗಾಳಕ್ಕೂ ಪುಣೆಗೂ ಪ್ರಶಸ್ತಿ ಗೆಲ್ಲಿಸಿಕೊಟ್ಟ ತರಬೇತಿದಾರರು. 2025ರ ಹರಾಜಿನಲ್ಲಿ ಬುಲ್ಸ್ ಒಂದು ಕೋಟಿಗೂ ಮಿಕ್ಕಿ ಹಣ ಕೊಟ್ಟದ್ದು ಯಾವ ರೇಡರನಿಗೂ ಅಲ್ಲ, ಯೋಗೇಶ್ ಎಂಬ ಹಿಡಿತಗಾರನಿಗೆ. ಅನಂತರದ ದೊಡ್ಡ ಮೊತ್ತವೂ ಹಿಡಿತಗಾರನಾದ ಅಂಕುಶ್ ರಾಠೀಗೇ. ರೇಡ್ ಮಾಡುವ ಭಾರ ಬಿದ್ದದ್ದು ಅವರಿಬ್ಬರಿಗಿಂತ ಕಡಮೆ ಬೆಲೆಗೆ ಬಂದ ಇರಾನಿನ ಅಲಿರೆಜಾ ಮಿರ್ಜಾಯನ್ ಮೇಲೆ. ಮೊದಲ ಪಂದ್ಯಗಳನ್ನು ಸೋತಾಗ ಎಲ್ಲರೂ ನಕ್ಕರು. ಮುಗಿಯುವ ಹೊತ್ತಿಗೆ, ಹಿಂದಿನ ಸಲ ಕೊನೆಯಲ್ಲಿದ್ದ ತಂಡ ಲೀಗ್ ಹಂತದಲ್ಲಿ ಮೂರನೆಯದಾಗಿತ್ತು. ಪ್ರಶಸ್ತಿ ಬರಲಿಲ್ಲ, ದೆಹಲಿಗೆ ಹೋಯಿತು. ಆದರೆ ರೇಡರ್ ಸಿಕ್ಕಿದ. ಎಬ್ಬಿಸುವವರು ಮೊದಲು ಸಿಕ್ಕಿದ್ದರಿಂದ ಸಿಕ್ಕಿದ ಎಂಬುದು ನನ್ನ ವ್ಯಾಖ್ಯಾನ.

ಇದು ಕಬಡ್ಡಿಯೊಂದರ ವಿಚಿತ್ರವಲ್ಲ. ಅಮೆರಿಕದವರಿಗೆ ಒಂದು ಫುಟ್‌ಬಾಲ್ ಆಟವಿದೆ. ಹೆಸರು ಕಾಲಿನದಾದರೂ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ನಮ್ಮ ರೇಡರನಿಗೆ ಸಮ. ಪ್ರತಿ ಆಟವೂ ಅವನ ಕೈಯಿಂದಲೇ ಹೊರಡಬೇಕು. ಅಲ್ಲಿ ಹರಾಜಿಲ್ಲ. ವರ್ಷಕ್ಕೊಮ್ಮೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ನ್ಯಾಯವಾದ ಪದ್ಧತಿಯೇ. ಆದರೂ ಟಾಮ್ ಬ್ರೇಡಿ ಎಂಬವನನ್ನು 2000ದಲ್ಲಿ ಆರಿಸಿಕೊಂಡದ್ದು 199ನೆಯವನಾಗಿ. ಒಂದು ವರ್ಷ ಬೆಂಚಿನಲ್ಲಿ ಕುಳಿತ. 2001ರಲ್ಲಿ ತಂಡದ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಒಳಗೆ ಬಂದ. ಆಮೇಲೆ ಆ ತಂಡಕ್ಕೆ 6 ಸಲ ಪ್ರಶಸ್ತಿ ತಂದುಕೊಟ್ಟ. ಅವನಿಗಿಂತ ಮೊದಲು ಆಯ್ಕೆಯಾದ 198 ಮಂದಿಯನ್ನು ಬಲ್ಲವರೇ ಆರಿಸಿದ್ದರು ತಾನೆ? ತೂಕ, ಎತ್ತರ, ಓಟದ ವೇಗ ಎಲ್ಲವನ್ನೂ ಅಳೆದೇ ಆರಿಸಿದ್ದರು.

ಅಳತೆಗೆ ಸಿಗದ ಗುಣಗಳು ಯಾವುವು? ಇಲ್ಲಿ ಮೂಲೆಯವನ ಮಾತಿಗೆ ಸ್ವಲ್ಪ ಬೆಲೆ ಕೊಡಬೇಕು. ಪ್ರೇಕ್ಷಕರು ರೇಡರನ ಕೈಯನ್ನು ನೋಡುತ್ತಾರೆ, ನಾವು ಅವನ ಹಿಮ್ಮಡಿಯನ್ನು ನೋಡುತ್ತೇವೆ. ಒಳ್ಳೆಯ ರೇಡರ್ ಮುಂದೆ ಹೋಗುವಾಗಲ್ಲ, ಹಿಂತಿರುಗುವಾಗ ಗೊತ್ತಾಗುತ್ತಾನೆ. ಮುಟ್ಟಿದ ಸಂತೋಷಕ್ಕೆ ಹಿಮ್ಮಡಿ ನೆಲಕ್ಕೆ ಊರಿದರೆ ಅವನು ನನ್ನ ಪಾಲು. ಎರಡನೆಯದು ಅವನ ದನಿ. ಕಬಡ್ಡಿ ಕಬಡ್ಡಿ ಎನ್ನುವ ಉಸಿರು, ಕಚ್ಚೆ ರೇಡರಿಗೆ ಕೈ ಚಾಚುವ ಮೊದಲು ಒಂದು ಮೆಟ್ಟಿಲು ಇಳಿಯುತ್ತದೆ. ಕಣ್ಣು ಮುಚ್ಚಿಕೊಂಡರೂ ನಾನು ಹಿಡಿದೇನು. ಪಳಗಿದವನ ದನಿ ಕಡೆಯ ತನಕ ಒಂದೇ ಸಮ. ಮೂರನೆಯದು, ಎರಡು ಬರಿ ರೇಡುಗಳ ನಂತರ ಅಂಕ ತರಲೇಬೇಕಾದ ಮೂರನೆಯ ರೇಡಿಗೆ ಅವನು ಗೆರೆ ದಾಟುವ ರೀತಿ. ಕೆಲವರು ಆಗ ಅಂಗಿಯನ್ನು ಸರಿಪಡಿಸಿಕೊಳ್ಳುತ್ತಾರೆ, ಕೈಗೆ ಮಣ್ಣು ಹಚ್ಚಿಕೊಳ್ಳುತ್ತಾರೆ, ನಾಯಕನ ಮುಖ ನೋಡುತ್ತಾರೆ. ಕೆಲವರು ಸುಮ್ಮನೆ ಹೋಗುತ್ತಾರೆ.

ಮತ್ತೊಂದಿದೆ, ಅದೇ ಎಲ್ಲಕ್ಕಿಂತ ಮುಖ್ಯ: ಸಿಕ್ಕಿಬಿದ್ದವನು ಹೊರಗೆ ಕುಳಿತು ಏನು ಮಾಡುತ್ತಾನೆ? ನೀರು ಕುಡಿದು ಆಕಾಶ ನೋಡುವವನೂ ಇದ್ದಾನೆ, ತನ್ನನ್ನು ಹಿಡಿದವನು ಮುಂದಿನ ರೇಡಿಗೆ ಹೇಗೆ ನಿಲ್ಲುತ್ತಾನೆಂದು ಕುತ್ತಿಗೆ ಚಾಚಿ ನೋಡುವವನೂ ಇದ್ದಾನೆ.

ನಮ್ಮ ಮೊದಲ ವರ್ಷದ ತರಗತಿಯಲ್ಲಿ ಇಂಥ ಒಬ್ಬ ಹುಡುಗನಿದ್ದಾನೆ. ಹೆಸರು ಬರೆದರೆ ಅವನು ಈ ಪತ್ರಿಕೆ ಬಂದ ದಿನ ಕಾಲೇಜಿಗೇ ಬರಲಾರ, ಅಷ್ಟು ಸಂಕೋಚ. ಆದುದರಿಂದ ಬರೆಯುವುದಿಲ್ಲ. ಮೈಯಲ್ಲಿ ಮಾಂಸವಿಲ್ಲ, ತೊಗರಿ ಕಟ್ಟಿಗೆಯಂತೆ ಒಣಗಿದ ಕಾಲುಗಳು. ಈ ವರ್ಷ ತಂಡದ ಹದಿನಾಲ್ಕರಲ್ಲಿ ಅವನ ಹೆಸರಿರಲಿಲ್ಲ. ಗೆರೆಗೆ ಸುಣ್ಣ ಹಾಕಲು ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲೂ ಇತ್ತು. ದೀಪಾವಳಿಯ ರಜೆಗೆ ಮುನ್ನ ಅಭ್ಯಾಸಕ್ಕೆ ಜನ ಕಡಮೆಯಾಗಿ ಅವನನ್ನು ಒಳಗೆ ಕರೆದೆವು. ಮೊದಲ ರೇಡಿನಲ್ಲೇ ನಾನು ಅವನ ಕಣಕಾಲು ಹಿಡಿದು ಕೆಡವಿದೆ. ಎರಡನೆಯದರಲ್ಲೂ ಹಿಡಿದೆ. ಮೂರನೆಯ ಸಲ ಅವನು ಅಂಗಿಯನ್ನು ಸರಿಪಡಿಸಿಕೊಳ್ಳಲಿಲ್ಲ. ನನ್ನೆದುರಿಗೆ ಅದೇ ಕಾಲನ್ನು ಅದೇ ಜಾಗದಲ್ಲಿ ಇಟ್ಟ, ನಾನು ಬಗ್ಗಿದೆ, ಅಲ್ಲಿ ಕಾಲಿರಲಿಲ್ಲ, ನನ್ನ ಬೆನ್ನ ಮೇಲೆ ಅವನ ಬೆರಳಿತ್ತು. ಹೊರಗೆ ಕುಳಿತಾಗ ಅವನು ನೋಡುತ್ತಿದ್ದುದು ನನ್ನ ಭುಜವನ್ನಂತೆ. ಹಿಡಿಯುವ ಮೊದಲು ನನ್ನ ಬಲಭುಜ ಸ್ವಲ್ಪ ಕುಸಿಯುತ್ತದೆಂದು ಅವನು ಆಮೇಲೆ, ಬಹಳ ಬಲವಂತ ಮಾಡಿದ ಮೇಲೆ, ಹೇಳಿದ. ಮೂರು ವರ್ಷದಿಂದ ಆಡುತ್ತಿರುವ ನನಗೆ ಈ ಸಂಗತಿಯನ್ನು ಯಾವ ತರಬೇತಿದಾರರೂ ಹೇಳಿರಲಿಲ್ಲ.

ಇವನು ಪವನನಾಗುತ್ತಾನೆಂದು ನಾನು ಹೇಳುತ್ತಿಲ್ಲ. ಆಗದೆಯೂ ಹೋಗಬಹುದು, ಹತ್ತು ಹುಡುಗರಲ್ಲಿ ಒಬ್ಬ ಆದರೆ ಹೆಚ್ಚು. ಅದಕ್ಕಾಗಿಯೇ ಒಬ್ಬನ ಮೇಲೆ 18,000 ಸುರಿಯುವುದಕ್ಕಿಂತ ಹತ್ತು ಮಂದಿಗೆ ಅಂಕಣದಲ್ಲಿ ಹೊತ್ತು ಕೊಡುವುದು ಮೇಲೆನ್ನುತ್ತೇನೆ. ನಮ್ಮಲ್ಲಿ ಹುಡುಗರಿಗೆ ಕೊರತೆಯಿಲ್ಲ, ಹೊತ್ತಿಗೆ ಕೊರತೆ. ತರಗತಿಗಳು ಮುಗಿದು ಅಭ್ಯಾಸ ಆರಂಭವಾಗುವುದು ನಾಲ್ಕೂವರೆಗೆ. ಆ ಹುಡುಗನ ಊರಿನ ಕೊನೆಯ ಬಸ್ಸು ಐದೂಕಾಲಕ್ಕೆ. ಐದಕ್ಕೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಓಡಬೇಕು. ತಪ್ಪಿದರೆ ಹೆದ್ದಾರಿಯವರೆಗೆ ನಡಿಗೆ, ಅಲ್ಲಿಂದ ಸಿಕ್ಕಿದ ಗಾಡಿ. ಅವನಂತೆಯೇ ಹಳ್ಳಿಯಿಂದ ಬರುವವರು ನಮ್ಮ ತಂಡದ ಸುತ್ತ ಇನ್ನೂ ಏಳೆಂಟು ಮಂದಿ ಇದ್ದಾರೆ. ಪಟ್ಟಣದಲ್ಲಿ ಕೋಣೆ ಮಾಡಿದವರು ಮಾತ್ರ ತಂಡದಲ್ಲಿ ಉಳಿಯುತ್ತಾರೆ. ಉಳಿದವರನ್ನು ಬಸ್ಸಿನ ವೇಳಾಪಟ್ಟಿ ಆಯ್ಕೆಯಿಂದ ಬಿಡುತ್ತದೆ. ಈ ವಿದ್ಯಾಲಯದಲ್ಲಿ ನಮಗೆ ತಿಳಿಯದೆ ಇರುವ ಆಯ್ಕೆ ಸಮಿತಿ ಅದು.

ನನ್ನ ಲೆಕ್ಕ ಇಷ್ಟೆ. ವಾರಕ್ಕೆ ಮೂರು ದಿನ, ಸಂಜೆ ಏಳಕ್ಕೆ, ಎರಡು ದಾರಿಗಳಿಗೆ ಒಂದೊಂದು ಆಟೋ ಗೊತ್ತು ಮಾಡಿದರೆ ದಿನಕ್ಕೆ 600 ರೂಪಾಯಿಯಾಗುತ್ತದೆ. ಇಬ್ಬರು ಚಾಲಕರನ್ನು ನಾನೇ ಕೇಳಿ ಬಂದಿದ್ದೇನೆ. 18,000 ರೂಪಾಯಿಗೆ 30 ದಿನ, ಎಂದರೆ ಹತ್ತು ವಾರ. ಕೂಟಕ್ಕೆ ಮುಂಚಿನ ಹತ್ತು ವಾರಗಳು ಅಷ್ಟೇ ಇರುತ್ತವೆ. ಈ ಹತ್ತು ವಾರಗಳಲ್ಲಿ ಹಿಡಿತಗಾರರಾದ ನಾವು ನಾಲ್ವರು ಮೊದಲು ಒಟ್ಟಿಗೆ ನಿಲ್ಲುವುದನ್ನು ಕಲಿಯಬೇಕು. ಹೋದ ಎರಡು ಪಂದ್ಯಗಳಲ್ಲಿ ರೇಡರ್ ಔಟಾದಾಗಲೆಲ್ಲ ಅವನು ಎದ್ದು ಬರಲು ಬಹಳ ಕಾಲ ಹಿಡಿಯಿತು. ಗಡಿಯಾಚೆಯ ಮಹಾಶಯ ಬಂದರೂ ಅದೇ ಬೆಂಚಿನಲ್ಲಿ ಅಷ್ಟೇ ಕಾಲ ಕೂರುತ್ತಾನೆ.

ನಮ್ಮ ವ್ಯಾಯಾಮ ನಿರ್ದೇಶಕರು ಎರಡೂ ಸೂಚನೆಗಳನ್ನು ಕೇಳಿ ನಕ್ಕು, ವಿದ್ಯಾರ್ಥಿಗಳೇ ತೀರ್ಮಾನಿಸಲಿ ಎಂದಿದ್ದಾರೆ. ಹಣ ಕ್ರೀಡಾ ಕಾರ್ಯದರ್ಶಿಯ ಬಳಿ ಇದೆ. ಸಭೆ ಸೆಮಿಸ್ಟರ್ ಪರೀಕ್ಷೆಯ ಮರುದಿನ, ಮಧ್ಯಾಹ್ನ ಎರಡಕ್ಕೆ, ಗ್ರಂಥಾಲಯದ ಹಿಂದಿನ ಬೇವಿನ ಮರದ ಕೆಳಗೆ. ಹಳ್ಳಿಯವರಿಗೂ ಬರಲು ಅನುಕೂಲವಾಗಲೆಂದೇ ಆ ಹೊತ್ತನ್ನು ಕೇಳಿ ಇಡಿಸಿದ್ದೇನೆ.